ಏಳು ಸಾಮಾನು, ನಾಲ್ಕು ಮೊಳೆ

"ಮುಖ ನನ್ನದು. ಈ ಕೈ ಯಾರದ್ದೋ?"

ಅಕ್ಕ ಪೋಸ್ಟರನ್ನು ಊಟದ ಮೇಜಿನ ಮೇಲೆ ಹಾಸಿ, ಅದು ಸುರುಳಿ ಸುತ್ತಿಕೊಂಡು ತಪ್ಪಿಸಿಕೊಳ್ಳಬಾರದೆಂದು ನಾಲ್ಕು ಮೂಲೆಗೂ ನಾಲ್ಕು ಲೋಟ ಇಟ್ಟಿದ್ದಳು. ತಮ್ಮ ಒಂದು ಸಲ ಪೋಸ್ಟರ್ ನೋಡಿದ, ಒಂದು ಸಲ ಹೆಂಡತಿಯ ಮುಖ ನೋಡಿದ. ಹೆಂಡತಿ ಒಲೆಯ ಕಡೆ ತಿರುಗಿಕೊಂಡುಬಿಟ್ಟಳು.

"ಕಂಪನಿಯವರು ಸೇರಿಸಿದ್ದು ಅಕ್ಕ. ನೋಡೋಕೆ ಚೆನ್ನಾಗಿರ್ಲಿ ಅಂತ."

"ನನ್ನ ಕೈ ನೋಡೋಕೆ ಚೆನ್ನಾಗಿಲ್ವಾ?"

"ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ."

"ಶುರು ಮಾಡಿದ್ದು ನೀನು. ನನ್ನ ಫೋಟೋನ ನನ್ನನ್ನೇ ಕೇಳದೆ ಕೊಟ್ಟೆ. ಕೊಟ್ಟವನು ಪೂರ್ತಿ ಕೊಡಬೇಕಿತ್ತು. ಬೇಕಾದ ತುಂಡು ಇಟ್ಕೊಂಡು ಬೇಡದ್ದು ಬಿಸಾಕೋಕೆ ನಾನೇನು ಮಾಂಸದಂಗಡಿ ಕುರೀನಾ?"

ಫೋಟೋ ಎರಡು ತಿಂಗಳ ಹಿಂದಿನದು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನೆಲ ಒರೆಸಿ, ಕೊನೆಯ ಹನ್ನೆರಡು ವರ್ಷ ಒರೆಸುವವರ ಮೇಸ್ತ್ರಿಯಾಗಿ ನಿವೃತ್ತಳಾದ ದಿನ ತೆಗೆದದ್ದು. ನೀಲಿ ಸಮವಸ್ತ್ರ, ಎಣ್ಣೆ ಹಾಕಿ ಬಾಚಿದ ತಲೆ, ಕೈಯಲ್ಲಿ ಡಾಕ್ಟರು ಕೊಟ್ಟ ಹೂಗುಚ್ಛ. ಪೋಸ್ಟರಿನಲ್ಲಿ ಹೂಗುಚ್ಛ ಹೋಗಿ ಅಲ್ಲಿ ಹಸಿರು ಬಾಟಲಿ ಬಂದಿತ್ತು. ಬಾಟಲಿ ಹಿಡಿದ ಕೈ ಹಾಲಿನಲ್ಲಿ ನೆನೆಸಿಟ್ಟಂತೆ ಬೆಳ್ಳಗಿತ್ತು. ಉದ್ದುದ್ದ ಉಗುರು, ಉಗುರಿಗೆ ಗುಲಾಬಿ ಬಣ್ಣ. ಅಕ್ಕನ ನಿಜವಾದ ಬೆರಳುಗಳ ಗೆಣ್ಣು ಶುಂಠಿ ಬೇರಿನ ಹಾಗೆ. ಹೆಬ್ಬೆರಳಿನ ಉಗುರು ಒಂದು ಸಲ ಒಡೆದದ್ದು ಆಮೇಲೆ ಸರಿಯಾಗಿ ಬೆಳೆಯಲೇ ಇಲ್ಲ. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಮೂವತ್ತೊಂದು ವರ್ಷ ಆಸ್ಪತ್ರೆ ಶುಚಿ ಮಾಡಿದವರ ಆಯ್ಕೆ.

"ಈ ಉಗುರು ಬಿಟ್ಕೊಂಡು ಒಂದು ವಾರ್ಡು ಒರೆಸಿ ತೋರಿಸಲಿ ನೋಡೋಣ ಅವಳು. ಯಾರವಳು?"

ತಮ್ಮನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಆರು ತಿಂಗಳ ಹಿಂದೆ ಕೆಲಸ ಬಿಟ್ಟು ಈ ಕಂಪನಿಯ ಏಜೆಂಟಾಗಿದ್ದ. ಕಂಪನಿ ಹದಿನೆಂಟು ಥರದ ಬಾಟಲಿ ಮಾಡುತ್ತಿತ್ತು. ನೆಲಕ್ಕೊಂದು, ಅಡುಗೆಮನೆಯ ನೆಲಕ್ಕೆ ಬೇರೊಂದು, ಗಾಜಿಗೆ, ಕನ್ನಡಿಗೆ, ನಲ್ಲಿಗೆ, ನಲ್ಲಿಯ ಕೆಳಗಿನ ತೊಟ್ಟಿಗೆ, ಫ್ರಿಜ್ಜಿನ ಬಾಗಿಲಿಗೆ. ಇವೆಲ್ಲದರ ವಾಸನೆ ಹೋಗಲಾಡಿಸಲು ಹದಿನೆಂಟನೆಯದು. ಬಾಟಲಿಯ ಪೆಟ್ಟಿಗೆಗಳು ಹಜಾರದ ಒಂದು ಗೋಡೆಯನ್ನು ಪೂರ್ತಿ ನುಂಗಿದ್ದವು. ಅಕ್ಕ ಮಲಗುವ ಮುಂದಿನ ಕೋಣೆಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕಿತ್ತು.

ಅವನು ಕೆಟ್ಟವನಲ್ಲ. ಅಕ್ಕನೆಂದರೆ ಅವನಿಗೆ ಹೆಮ್ಮೆ. ಬಸ್ಸಿನಲ್ಲಿ ಆಸ್ಪತ್ರೆ ಸ್ಟಾಪು ಬಂದಾಗಲೆಲ್ಲ ಗೊತ್ತಿಲ್ಲದವರಿಗೂ, ಇಲ್ಲಿ ನಮ್ಮಕ್ಕ ಇರೋದು ಎಂದು ಹೇಳಿಯೇ ಟಿಕೆಟ್ ಹರಿಯುತ್ತಿದ್ದ. ಆದರೆ ಹೆಮ್ಮೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ಈಗ ಅವನ ಮಾತೆಲ್ಲ ಸಂಜೆ ಐದು ಗಂಟೆಯ ಸುತ್ತ ಸುತ್ತುತ್ತಿತ್ತು. ಬೀದಿಯ ಹೆಂಗಸರೆಲ್ಲ ಮನೆಗೆ ಬರುತ್ತಾರೆ, ಕಂಪನಿಯ ದೊಡ್ಡವರೇ ಬಂದು ಬಾಟಲಿ ಬಳಸಿ ತೋರಿಸುತ್ತಾರೆ. ಅಕ್ಕ ಒಂದೇ ಒಂದು ಮಾತು ಹೇಳಿದರೆ ಸಾಕು, ನಾನು ಇದನ್ನೇ ಬಳಸುತ್ತೇನೆ ಎಂದು.

"ನಾನು ಇದನ್ನ ಬಳಸಲ್ವಲ್ಲ."

"ಬಳಸು. ಯಾರು ಬೇಡ ಅಂದ್ರು?"

ಅಕ್ಕ ಲೋಟಗಳನ್ನು ಒಂದೊಂದಾಗಿ ಎತ್ತಿದಳು. ಪೋಸ್ಟರು ತಾನಾಗಿ ಸುರುಳಿ ಸುತ್ತಿಕೊಂಡಿತು. ಅಷ್ಟರಲ್ಲಿ ತಮ್ಮನ ಮಗಳು ಚಪ್ಪಲಿ ಮೆಟ್ಟಿಕೊಂಡು ಬಂದು, "ಅತ್ತೆ, ಅಂಗಡಿ ತೆರೆದಿರುತ್ತೆ, ಬಾ" ಎಂದು ಅವಳ ತೋಳು ಹಿಡಿದಳು. ಜಗಳ ಅಲ್ಲಿಗೆ ನಿಂತಿತು, ಮುಗಿಯಲಿಲ್ಲ.

ಈ ಹುಡುಗಿ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು. ಅಂಗಡಿಯವರು ಊರಿನ ಆ ತುದಿಯಲ್ಲಿ ಇನ್ನೊಂದು ಅಂಗಡಿ ತೆರೆದು ಇವಳನ್ನು ಅಲ್ಲಿಗೆ ಹಾಕಿದ್ದರು. ಹೋಗಿ ಬರಲು ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲೇ ಕಳೆಯಬೇಕೆಂದು ಅಲ್ಲೇ ಒಂದು ಮನೆ ಹಿಡಿದಿದ್ದಳು. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆಯ ಕಟ್ಟೆ, ಒಂದು ಬಚ್ಚಲು, ಒಂದು ಕಿಟಕಿ. ನಾಳೆ ಬೆಳಿಗ್ಗೆ ಹೊರಡುವುದಿತ್ತು. ಅಪ್ಪ ಹದಿನೆಂಟೂ ಬಾಟಲಿಗಳ ಒಂದು ಪೆಟ್ಟಿಗೆಗೆ ದಾರ ಕಟ್ಟಿ ಅವಳ ಹೆಸರು ಬರೆದು ಇಟ್ಟಿದ್ದ. ಅವಳು ಅದನ್ನು ನೋಡಿ, ಅಪ್ಪ, ಇದನ್ನಿಟ್ಟರೆ ನಾನು ಎಲ್ಲಿ ಮಲಗಲಿ ಎಂದು ಕೇಳಿದ್ದಳು. ಆಮೇಲೆ ಅತ್ತೆಯ ಕೋಣೆಗೆ ಬಂದು, ನಿಜವಾಗಿ ಏನು ಬೇಕೋ ನೀನು ಹೇಳು, ನಾನು ಅದನ್ನು ಮಾತ್ರ ಒಯ್ಯುತ್ತೇನೆ ಎಂದಿದ್ದಳು.

ಎರಡು ತಿಂಗಳಲ್ಲಿ ಅಕ್ಕನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಅವಳಿಗೆ ಅಂಗೈ ಅಕ್ಕ ಎಂದು ಹೆಸರು. ನೆಲ ಒರೆಸಿ ಆದ ಮೇಲೆ ಅವಳು ಮಂಡಿಯೂರಿ ಅಂಗೈಯನ್ನು ನೆಲಕ್ಕೆ ಒತ್ತಿ ಒಂದು ಮೊಳ ಎಳೆಯುತ್ತಿದ್ದಳು. ಸರಾಗವಾಗಿ ಸರಿದರೆ ಸರಿ. ಒಂದಿಷ್ಟು ಅಂಟಿತೋ, ಸೋಪು ಉಳಿದಿದೆ, ನೀರು ಬಿದ್ದರೆ ಕಾಲು ಜಾರುತ್ತದೆ ಎಂದರ್ಥ, ಮತ್ತೆ ಬರಿ ನೀರಿನಲ್ಲಿ ಒರೆಸಬೇಕು. ದೊಡ್ಡ ಡಾಕ್ಟರು ಕೂಡ ವಾರ್ಡಿನ ಬಾಗಿಲಲ್ಲಿ ನಿಂತು, ಅಂಗೈ ಆಯಿತೇ ಎಂದು ಕೇಳಿಯೇ ಕಾಲಿಡುತ್ತಿದ್ದರು. ನಿವೃತ್ತಿಯಾಗಿ, ಆಸ್ಪತ್ರೆಯವರು ಕೊಟ್ಟಿದ್ದ ಕೋಣೆ ಬಿಟ್ಟು ತಮ್ಮನ ಮನೆಗೆ ಬಂದ ಮೇಲೆ ಅವಳು ಪೊರಕೆ ಮುಟ್ಟಿದರೆ ತಮ್ಮನ ಹೆಂಡತಿ, ನೀವು ಕೂತ್ಕೊಳ್ಳಿ ಅತ್ತಿಗೆ, ಇಷ್ಟು ವರ್ಷ ಮಾಡಿದ್ದು ಸಾಲದೇ ಎಂದು ಕಿತ್ತುಕೊಳ್ಳುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಳು. ಆದರೆ ಕೂತು ಕೂತು ಅಕ್ಕನಿಗೆ ತಾನು ಗೋಡೆಗೆ ಒರಗಿಸಿಟ್ಟ ಹಳೇ ಮಂಚವೇನೋ ಅನ್ನಿಸತೊಡಗಿತ್ತು.

ಪೊರಕೆ ಬಕೆಟ್ಟಿನ ಅಂಗಡಿಯವನು ಹಳಬ. ಬಕೆಟ್ ತೋರಿಸು ಎಂದರೆ ಹೂವಿನ ಚಿತ್ರವಿದ್ದ ಒಂದನ್ನು ತಂದಿಟ್ಟ. ಅಕ್ಕ ಅದನ್ನು ಬೋರಲು ಹಾಕಿ, ಚಪ್ಪಲಿ ಬಿಟ್ಟು, ಮೇಲೆ ಹತ್ತಿ ನಿಂತಳು. ಬಕೆಟ್ ಕಿರ್ರೆಂದಿತು. ಇಳಿದು, ಬೇರೆ ಎಂದಳು. ಎರಡನೆಯದರ ಮೇಲೂ ಹತ್ತಿದಳು. ಮೂರನೆಯದು ದಪ್ಪ ಕಪ್ಪು ಪ್ಲಾಸ್ಟಿಕ್ಕಿನದು, ಹಿಡಿಕೆ ಕಬ್ಬಿಣದ ಸರಳಿನದು. ಅದು ಸದ್ದು ಮಾಡಲಿಲ್ಲ. ಅಕ್ಕ ಅದರ ಮೇಲೆ ನಿಂತುಕೊಂಡೇ ಅಂಗಡಿಯ ಮಾಡಿನಲ್ಲಿ ತೂಗುಹಾಕಿದ್ದ ಪೊರಕೆಗಳ ಕಟ್ಟನ್ನು ಬಿಚ್ಚತೊಡಗಿದಳು.

"ಅಮ್ಮಾ, ಬಕೆಟ್ ತಗೋತೀರೋ, ಇಲ್ಲ ಭಾಷಣ ಮಾಡ್ತೀರೋ?" ಎಂದ ಅಂಗಡಿಯವನು.

"ಇಂಥದ್ದೇ ಇನ್ನೊಂದು ಕೊಡು. ಒಂದರೊಳಗೊಂದು ಕೂರಬೇಕು. ಒಂದು ಸೋಪಿನ ನೀರಿಗೆ, ಒಂದು ಬರಿ ನೀರಿಗೆ."

ಪೊರಕೆಯನ್ನು ಅವಳು ತೊಡೆಗೆ ಹತ್ತು ಸಲ ಬಡಿದು ಉದುರಿದ ಹುಲ್ಲು ಎಣಿಸಿದಳು. ಮೊದಲನೆಯದು ಇಪ್ಪತ್ತು ಎಳೆ ಉದುರಿಸಿತು. ಅಂಗಡಿಯವನು, ಹೊಸದರಲ್ಲಿ ಎಲ್ಲಾ ಪೊರಕೆಯೂ ಉದುರುತ್ತೆ ಎಂದ. ಅಕ್ಕ, ನಿನ್ನ ತಲೆ ಕೂದಲೂ ಹೀಗೆ ಹೇಳಿಯೇ ಹೋಯ್ತಾ ಎಂದಳು. ಅಂಗಡಿಯವನು ಬೋಳು ತಲೆ ಸವರಿಕೊಂಡು ನಕ್ಕ. ಕೊನೆಗೆ ಬುಡದಲ್ಲಿ ದಾರದ ಬದಲು ತಂತಿ ಬಿಗಿದಿದ್ದ ಒಂದು ಪೊರಕೆ ಮೂರೇ ಎಳೆ ಉದುರಿಸಿ ಗೆದ್ದಿತು. ಉದ್ದ ಹಿಡಿಯ ಬ್ರಷ್ಷು, ಮರದ ಬೆನ್ನಿನದು. ಕೂದಲನ್ನು ಅಂಟಿಸಿರಬಾರದು, ತೂತು ಕೊರೆದು ಪೋಣಿಸಿರಬೇಕು. ಹುಡುಗಿ ತನ್ನ ಗಾಜುಗಳನ್ನು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತೂತುಗಳನ್ನು ನೋಡಿದಳು. ಇದೇ ಕೋಲಿಗೆ ಬಟ್ಟೆ ಸುತ್ತಿದರೆ ಒರೆಸುವ ಕೋಲೂ ಆಯಿತು, ಬೇರೆ ಯಾಕೆ ಎಂದಳು ಅಕ್ಕ. ಕಸ ಎತ್ತಲು ತಗಡಿನ ಮೊರ. ಅದರ ಅಂಚನ್ನು ಅಂಗಡಿಯ ನೆಲಕ್ಕೆ ಹಚ್ಚಿ, ಸಂದಿನಲ್ಲಿ ಬೆಳಕು ಕಾಣದ್ದನ್ನು ಆರಿಸಿದಳು. ಆಮೇಲೆ ಒಂದು ಬಾರ್ ಸೋಪು, ಒಂದು ಡಬ್ಬಿ ಸೋಡಾ ಪುಡಿ.

"ಒರೆಸೋ ಬಟ್ಟೆ?" ಎಂದಳು ಹುಡುಗಿ.

ಅದನ್ನು ಕೊಳ್ಳಬೇಕಾಗಿರಲಿಲ್ಲ. ಅಕ್ಕ ತನ್ನ ಹಳೆಯ ಹತ್ತಿಯ ಹಾಸಿಗೆ ಹೊದಿಕೆಯನ್ನು ಹಿಂದಿನ ದಿನವೇ ಆರು ತುಂಡು ಮಾಡಿ ಅಂಚು ಹೊಲಿದಿದ್ದಳು. ಮೂಲೆಯಲ್ಲಿ ಒಂದು ಗಂಟು ಇದ್ದರೆ ಅಡುಗೆಕಟ್ಟೆಯದು, ಎರಡು ಗಂಟು ನೆಲದ್ದು, ಮೂರು ಗಂಟು ಬಚ್ಚಲಿನದು. ಬಣ್ಣ ಮಾಸುತ್ತೆ, ಗಂಟು ಮಾಸಲ್ಲ. ಕಣ್ಣು ಮುಚ್ಚಿಕೊಂಡು ಎತ್ತಿದರೂ ಬೆರಳಿಗೆ ಗೊತ್ತಾಗುತ್ತೆ ಎಂದು ಅವಳ ಲೆಕ್ಕ. ಆಸ್ಪತ್ರೆಯಲ್ಲಿ ಅವಳ ಕೈಕೆಳಗಿನ ಹುಡುಗಿಯರು ಈ ಗಂಟುಗಳಿಗೆ ಹೆದರುತ್ತಿದ್ದಷ್ಟು ಡಾಕ್ಟರಿಗೂ ಹೆದರುತ್ತಿರಲಿಲ್ಲ.

ಅಂಗಡಿಯವನು ಮುಗಿಯಿತೇ ಎಂದು ಕೇಳಿದಾಗ ಅಕ್ಕ, "ಮುಖ್ಯವಾದ್ದೇ ಬಾಕಿ ಇದೆ. ನಾಲ್ಕು ಮೊಳೆ ಕೊಡು" ಎಂದಳು.

"ಗುಡಿಸೋಕೆ ಮೊಳೆ ಯಾಕಮ್ಮ?"

"ಪೊರಕೆ ಗುಡಿಸಿ ಗುಡಿಸಿ ಹಾಳಾಗಲ್ಲಪ್ಪ. ಮೂಲೇಲಿ ನಿಲ್ಲಿಸಿ ಹಾಳು ಮಾಡ್ತೀವಿ. ಬ್ರಷ್ಷು ನೀರಲ್ಲಿ ನಿಂತು ಕೊಳೆಯುತ್ತೆ. ಬಟ್ಟೆ ಮುದ್ದೆಯಾಗಿ ಕೊಳೆಯುತ್ತೆ. ನೇತು ಹಾಕಿದ್ದು ಒಣಗುತ್ತೆ, ಒಣಗಿದ್ದು ಬಾಳುತ್ತೆ. ನನ್ನ ಕೋಣೇಲಿ ಒಂದು ಬ್ರಷ್ಷು ಒಂಬತ್ತು ವರ್ಷ ಬಂತು."

ಅಂಗಡಿಯವನು, ಹಾಗಾದರೆ ನಿಮ್ಮಂಥವರು ನಾಲ್ಕು ಜನ ಇದ್ದರೆ ನಾನು ಬಾಗಿಲು ಹಾಕಬೇಕಾಗುತ್ತದೆ ಎಂದು ಮೊಳೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಜೋಡಿ ಬಕೆಟ್ಟೂ ಸೇರಿ ಏಳು ಸಾಮಾನು, ಮಿಕ್ಕ ಐದೂ ಬಕೆಟ್ಟಿನೊಳಗೇ ಕೂತವು. ಬ್ರಷ್ಷಿನ ಹಿಡಿ, ಪೊರಕೆಯ ತಲೆ ಮಾತ್ರ ಹೊರಗೆ. ಬೀದಿಯುದ್ದಕ್ಕೂ ಅಕ್ಕ ಅದನ್ನು ತಾನೇ ಹಿಡಿದು ನಡೆದಳು. ಹುಡುಗಿ ಕೇಳಿದರೂ ಕೊಡಲಿಲ್ಲ.

ಮನೆಗೆ ಬಂದರೆ ಕಂಪನಿಯವನು ಆಗಲೇ ಬಂದು ಕೂತಿದ್ದ. ಕುತ್ತಿಗೆಗೆ ಟೈ, ಮುಖದಲ್ಲಿ ಅಳಿಸಲಾಗದ ನಗು. ಅಕ್ಕನನ್ನು ಕಂಡು ಎದ್ದು ನಿಂತ. ಅವಳು ಪೋಸ್ಟರಿನ ಮಾತೆತ್ತುವ ಮೊದಲೇ, ಕೈ ವಿಷಯ ನಿಮ್ಮ ತಮ್ಮ ಹೇಳಿದರು, ತಪ್ಪಾಯಿತು, ಹೊಸದಾಗಿ ಅಚ್ಚು ಹಾಕಿಸುತ್ತೇವೆ, ನಿಮ್ಮ ಕೈಯೇ ಇರುತ್ತದೆ ಎಂದ. ಬಾಯಿ ತುಂಬಿಕೊಂಡು ಬಂದಿದ್ದ ಅಕ್ಕನಿಗೆ ಬೈಯಲು ಏನೂ ಉಳಿಯಲಿಲ್ಲ. ಸಿಟ್ಟಿನವರಿಗೆ ಇದಕ್ಕಿಂತ ದೊಡ್ಡ ಮೋಸ ಬೇರೆ ಇಲ್ಲ.

ಅವನು ಇನ್ನೂ ಒಂದು ವಿಷಯ ಹೇಳಿದ. ಕಂಪನಿ ಊರಿನಲ್ಲಿ ಒಂದು ಕಚೇರಿ ತೆರೆಯುತ್ತದೆ. ಮನೆಮನೆಗೆ ಹೋಗಿ ತೋರಿಸುವ ಹುಡುಗಿಯರಿಗೆ ಅಲ್ಲಿ ಕಲಿಸಬೇಕು. ಕಲಿಸಲು ಅವಳೇ ಬೇಕು. ಮೇಜು, ಕುರ್ಚಿ, ಬಾಗಿಲಿನ ಮೇಲೆ ಅವಳ ಹೆಸರಿನ ಫಲಕ.

ಮೂವತ್ತೊಂದು ವರ್ಷದಲ್ಲಿ ಆಸ್ಪತ್ರೆಯಲ್ಲಿ ಅವಳಿಗೆಂದು ಒಂದು ಕುರ್ಚಿ ಇರಲಿಲ್ಲ. ಮೇಸ್ತ್ರಿಯಾದ ಮೇಲೂ ಮೆಟ್ಟಿಲಿನ ಮೇಲೆ ಕೂತು ಹಾಜರಿ ಪುಸ್ತಕ ತುಂಬುತ್ತಿದ್ದಳು. ಕುರ್ಚಿಗಿಂತ ಹೆಚ್ಚಾಗಿ ಆ ಹುಡುಗಿಯರು ಕಣ್ಣಿಗೆ ಕಟ್ಟಿದರು: ಹತ್ತು ಜನ ಸಾಲಾಗಿ ನಿಂತು, ಅವಳು ಬಟ್ಟೆ ಹಿಂಡುವುದನ್ನು ಉಸಿರು ಬಿಗಿಹಿಡಿದು ನೋಡುವುದು.

"ಒಂದೇ ಒಂದು ವಿಷಯ ಅಮ್ಮ," ಎಂದ ಕಂಪನಿಯವನು ದನಿ ತಗ್ಗಿಸಿ. "ಬಾಟಲಿ ಮೇಲೆ ಬಕೆಟ್ಟಿಗೆ ಒಂದು ಮುಚ್ಚಳ ಅಂತ ಬರೆದಿದೆ. ಹೇಳುವಾಗ ನೀವು ಎರಡು ಅನ್ನಿ. ನೊರೆ ಕಂಡ್ರೆ, ವಾಸನೆ ಬಂದ್ರೆ ಜನಕ್ಕೆ ನಂಬಿಕೆ. ಮತ್ತೆ ಬೇಗನೂ ಖಾಲಿಯಾಗುತ್ತೆ. ನೀವು ಹೇಳಿದ್ರೆ ಯಾರೂ ಎದುರು ಮಾತಾಡಲ್ಲ."

ನೋಡೋಣ ಎಂದಳು ಅಕ್ಕ. ಬಚ್ಚಲಿಗೆ ಹೋಗಿ ಮುಖ ತೊಳೆದಳು. ಸೋಪು ತಾನೇ, ವಿಷವಲ್ಲವಲ್ಲ, ಒಂದಾದರೇನು ಎರಡಾದರೇನು ಎಂದು ತನಗೇ ಹೇಳಿಕೊಂಡಳು. ಎರಡು ಸಲ ಹೇಳಿಕೊಂಡಳು. ತನ್ನ ಬಟ್ಟೆಯ ಚೀಲದಿಂದ ನೀಲಿ ಸಮವಸ್ತ್ರ ತೆಗೆದು ತೊಟ್ಟಳು. ಬಾಗಿಲಲ್ಲಿ ನಿಂತಿದ್ದ ತಮ್ಮನ ಕಣ್ಣಲ್ಲಿ ನೀರಾಡಿತು. "ನನಗೆ ಗೊತ್ತಿತ್ತು ಅಕ್ಕ," ಎಂದ.

ಐದು ಗಂಟೆಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಹದಿನೈದು ಇಪ್ಪತ್ತು ಹೆಂಗಸರು ಗೋಡೆಗೆ ಒತ್ತಿಕೊಂಡು ಕೂತಿದ್ದರು. ತಮ್ಮನ ಹೆಂಡತಿ ಚಹಾ ಹಂಚಿದಳು. ಕಂಪನಿಯವನು ನೆಲದ ಒಂದು ಭಾಗಕ್ಕೆ ಎಣ್ಣೆ ಚೆಲ್ಲಿ, ಮೇಲೆ ಮಣ್ಣು ಉದುರಿಸಿ, ಬಕೆಟ್ಟಿಗೆ ಹಸಿರು ಬಾಟಲಿಯಿಂದ ಎರಡು ಮುಚ್ಚಳ ಹಾಕಿದ. ನೊರೆ ಬಕೆಟ್ಟಿನ ಕಂಠ ದಾಟಿ ಬಂತು. ಒರೆಸಿದ. ನೆಲ ಕನ್ನಡಿಯಾಯಿತು, ಮೇಲಿನ ದೀಪ ಅದರಲ್ಲಿ ಕಂಡಿತು. ಮಲ್ಲಿಗೆಯಂತೆಯೂ ಅಲ್ಲ ನಿಂಬೆಯಂತೆಯೂ ಅಲ್ಲ, ಎರಡೂ ಜಗಳವಾಡಿದಂಥ ವಾಸನೆ ಮನೆಯೆಲ್ಲ ತುಂಬಿತು. ಹೆಂಗಸರು ಮೆಚ್ಚಿ ತಲೆದೂಗಿದರು. ಟಪಾಲಿನವನ ತಾಯಿ, ಇಷ್ಟು ಹೊಳೆದರೆ ಮನೆಗೆ ಬಂದವರು ನೆಲ ನೋಡುತ್ತಾರೋ ನಮ್ಮನ್ನು ನೋಡುತ್ತಾರೋ ಎಂದು ನಗಿಸಿದಳು.

ತಮ್ಮ ಕಂಡಕ್ಟರ್ ದನಿಯಲ್ಲಿ ಅಕ್ಕನ ಪರಿಚಯ ಹೇಳಿದ. ಹೇಳಬೇಕಾದ್ದೇನೂ ಇರಲಿಲ್ಲ, ಆ ಬೀದಿಯ ಅರ್ಧ ಹೆಂಗಸರು ಹೆತ್ತದ್ದು ಅವಳು ಒರೆಸಿದ ವಾರ್ಡಿನಲ್ಲೇ. ದರ್ಜಿಯ ಹೆಂಡತಿ ಮುಂದಿನ ಸಾಲಿನಲ್ಲಿದ್ದಳು. ಅವಳು ಕಂಪನಿಯವನ ಕಡೆ ನೋಡದೆ ನೇರವಾಗಿ ಅಕ್ಕನನ್ನು ಕೇಳಿದಳು.

"ಅಂಗೈ ಅಕ್ಕ, ನಿಜವಾಗ್ಲೂ ಎರಡು ಮುಚ್ಚಳ ಹಾಕ್ಬೇಕಾ? ಯಾಕಂದ್ರೆ ನಮ್ಮತ್ತೆ ಕೋಲು ಹಿಡ್ಕೊಂಡು ಓಡಾಡ್ತಾರೆ. ನೆಲ ಜಾರಲ್ಲ ತಾನೇ?"

ಎಲ್ಲರೂ ಅಕ್ಕನ ಬಾಯಿ ನೋಡಿದರು. ತಮ್ಮ ನಗುತ್ತಾ ತಲೆಯಾಡಿಸಿದ, ಹೇಳು ಎಂಬಂತೆ. ಅಕ್ಕ ಸಮವಸ್ತ್ರದ ತುದಿ ಎತ್ತಿಕೊಂಡು ಹೊಳೆಯುವ ನೆಲದ ಹತ್ತಿರ ಮಂಡಿಯೂರಿದಳು. ಅಂಗೈ ಒತ್ತಿ ಎಳೆದಳು. ಅದು ಅರ್ಧದಲ್ಲೇ ಹಿಡಿದುಕೊಂಡಿತು. ಅಲ್ಲೇ ಕೂತು, ಯಾರನ್ನೂ ನೋಡದೆ ಮಾತು ಶುರು ಮಾಡಿದಳು.

ಆಗ ಅವಳಿಗೆ ಇಪ್ಪತ್ತಾರು ವರ್ಷ. ಬಾಣಂತಿಯರ ವಾರ್ಡು. ಮೇಲಿನ ಅಧಿಕಾರಿ ಬರುವವರಿದ್ದರು. ಬಾಗಿಲಲ್ಲೇ ಮೂಗಿಗೆ ಶುಚಿಯ ವಾಸನೆ ಬಡಿದರೆ ಹೊಗಳುತ್ತಾರೆಂದು, ಒಂದು ಮುಚ್ಚಳ ಹಾಕುವ ಕಡೆ ಎರಡು ಹಾಕಿ ಒರೆಸಿದಳು. ಅಧಿಕಾರಿ ಹೊಗಳಿದರು. ಅವರು ಹೋಗಿ ಹತ್ತು ನಿಮಿಷಕ್ಕೆ, ಹೆತ್ತು ಮೂರು ದಿನವಾಗಿದ್ದ ಒಬ್ಬ ಹೆಂಗಸು ಗೋಡೆ ಹಿಡಿದು ಬಚ್ಚಲಿಗೆ ಹೊರಟವಳು ಜಾರಿಬಿದ್ದಳು. ಮಣಿಕಟ್ಟು ಮುರಿಯಿತು. ಆರು ವಾರ ಅವಳು ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ. ಪಕ್ಕದಲ್ಲಿದ್ದವರು ಎತ್ತಿ ಎದೆಗೆ ಹಿಡಿಯಬೇಕಿತ್ತು. ಚಪ್ಪಲಿ ಸವೆದಿತ್ತು, ಅದಕ್ಕೇ ಬಿದ್ದಳು ಎಂದು ಮೇಲ್ವಿಚಾರಕಿ ಪುಸ್ತಕದಲ್ಲಿ ಬರೆದರು. ಯಾರೂ ಇವಳನ್ನು ಕೇಳಲಿಲ್ಲ.

"ಒಂದು ದಿನ ಸುಮ್ಮನಿದ್ದೆ. ಆ ಒಂದು ದಿನ ಹೇಗಿತ್ತು ಅಂತ ನಾನು ಹೇಳಲ್ಲ. ಮಾರನೇ ಬೆಳಿಗ್ಗೆ ಮೇಲ್ವಿಚಾರಕಿ ಹತ್ರ ಹೋಗಿ, ಚಪ್ಪಲಿ ಅಲ್ಲ ಅಮ್ಮ, ನಾನು ಅಂದೆ. ಒಂದು ವರ್ಷ ನೆಲಮಾಳಿಗೇಲಿ ಬಟ್ಟೆ ಒಗೆಯೋಕೆ ಹಾಕಿದ್ರು. ಒಗೆದೆ. ವಾಪಸ್ ಬಂದ ದಿನದಿಂದ ಅಂಗೈ ಇಟ್ಟು ನೋಡೋದು ಕಲಿತೆ. ನೀವೆಲ್ಲ ಅಂಗೈ ಅಕ್ಕ ಅಂತೀರಲ್ಲ, ಆ ಹೆಸರು ಬಂದದ್ದು ಒಬ್ಬಳ ಕೈ ಮುರಿದು."

ಅಕ್ಕ ಎದ್ದು ದರ್ಜಿಯ ಹೆಂಡತಿಯನ್ನು ನೋಡಿದಳು.

"ಒಂದು ಮುಚ್ಚಳ. ಅದೂ ವಾರಕ್ಕೆ ಎರಡು ದಿನ ಸಾಕು. ಆಮೇಲೆ ಬರಿ ನೀರಲ್ಲಿ ಒಂದು ಸಲ. ಹೊಳೆಯುತ್ತೆ ಅಂದ್ರೆ ಮೇಲೆ ಏನೋ ಉಳಿದಿದೆ ಅಂತ. ಶುಚಿಯಾದ ನೆಲಕ್ಕೆ ವಾಸನೆ ಇರಲ್ಲ ತಾಯಿ."

ಕಂಪನಿಯವನ ನಗು ಕೊನೆಗೂ ಅಳಿಸಿಹೋಯಿತು. ಆದರೆ ಅಕ್ಕ ಅನ್ಯಾಯ ಮಾಡುವವಳಲ್ಲ. ಈ ಹದಿನೆಂಟರಲ್ಲಿ ಬಚ್ಚಲಿನ ಉಪ್ಪು ನೀರಿನ ಕಲೆ ತೆಗೆಯುವ ಒಂದು ಬಾಟಲಿ ನಿಜವಾಗಿಯೂ ಚೆನ್ನಾಗಿದೆ, ಬೇಕಾದವರು ಅದನ್ನು ಕೊಳ್ಳಿ, ಮಿಕ್ಕ ಹದಿನೇಳಕ್ಕೆ ನನ್ನ ಮುಖವೂ ಬೇಡ ಕೈಯೂ ಬೇಡ ಎಂದಳು. ಹಾಗಾದರೆ ನೀವು ಮನೆಯಲ್ಲಿ ಏನಿಟ್ಟುಕೊಳ್ಳುತ್ತೀರಿ ಎಂದು ಟಪಾಲಿನವನ ತಾಯಿ ಕೇಳಿದಳು. ಹುಡುಗಿ ಒಳಗೆ ಓಡಿ ಬಕೆಟ್ಟನ್ನೂ ಗಂಟಿನ ಬಟ್ಟೆಗಳನ್ನೂ ತಂದು ನಡುವೆ ಇಟ್ಟಳು. ಆಮೇಲಿನ ಅರ್ಧ ಗಂಟೆ ಅಲ್ಲಿ ಕಂಪನಿಯೂ ಇರಲಿಲ್ಲ, ಬಾಟಲಿಯೂ ಇರಲಿಲ್ಲ. ಹೆಂಗಸರು ಬ್ರಷ್ಷಿನ ತೂತು ನೋಡಿದರು, ಗಂಟುಗಳನ್ನು ಕಣ್ಣು ಮುಚ್ಚಿ ಮುಟ್ಟಿದರು, ಒಬ್ಬಳು ಬಕೆಟ್ಟಿನ ಮೇಲೆ ಹತ್ತಿಯೇಬಿಟ್ಟಳು. ದಿನಾ ಬೆಳಿಗ್ಗೆ ಬಾಗಿಲಿಗೆ ದೂರವಿರುವ ಮೂಲೆಯಿಂದ ಗುಡಿಸಿಕೊಂಡು ಬನ್ನಿ, ಸ್ನಾನವಾದ ಕೂಡಲೇ ಬಚ್ಚಲು ಒದ್ದೆಯಿರುವಾಗಲೇ ಎರಡು ನಿಮಿಷ ಉಜ್ಜಿ, ಒರೆಸಿದ ಬಟ್ಟೆ ಒಗೆಯದೆ ಮಲಗಬೇಡಿ ಎಂದು ಅಕ್ಕ ಹೇಳುತ್ತಾ ಹೋದಳು. ಅವಳ ದನಿ ವಾರ್ಡಿನ ದನಿಯಾಗಿತ್ತು. ಬೆನ್ನು ನೆಟ್ಟಗಾಗಿತ್ತು. ಜಿಡ್ಡಿಗೆ ಸೋಡಾ ಪುಡಿ ಎಷ್ಟು ಎಂದು ಕೇಳಿದವಳಿಗೆ ಚಮಚ ತರಿಸಿ ಅಳೆದು ತೋರಿಸಿದಳು. ಗೋಪುರ ಮಾಡದೆ ಪುಡಿಯನ್ನು ಚಮಚದ ಅಂಚಿಗೆ ಸರಿಯಾಗಿ ಸವರಿದಳು.

ಹೆಂಗಸರು ಹೋದ ಮೇಲೆ ಕಂಪನಿಯವನು ತನ್ನ ಚೀಲ ತೆಗೆದುಕೊಂಡು ತಮ್ಮನಿಗೆ ಮಾತ್ರ ಹೇಳಿ ಹೊರಟ. ತಮ್ಮ ಪೆಟ್ಟಿಗೆಗಳ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ಕೆಂಪಗಾಗಿತ್ತು.

"ಇಷ್ಟು ವರ್ಷ ಯಾರಿಗೂ ಹೇಳದ್ದನ್ನ ಇವತ್ತೇ ಹೇಳ್ಬೇಕಿತ್ತಾ? ಬೀದಿಯವರ ಮುಂದೆ? ನಿನ್ನ ಮರ್ಯಾದೆ ಹೋಯ್ತು, ಜೊತೆಗೆ ನನ್ನದೂ ಹೋಯ್ತು."

"ನನ್ನದು ಹೋಗಿಲ್ಲ ಕಣೋ. ಇದ್ದಿದ್ದೇ ಅದು. ಇವತ್ತು ಎಲ್ಲರಿಗೂ ತೋರಿಸಿದೆ ಅಷ್ಟೇ."

"ಈ ಮನೇಲಿ ಇರಬೇಕಾದ್ರೆ ನನ್ನ ಕೆಲಸಕ್ಕೆ ಅಡ್ಡ ಬರಬಾರದು ಅಕ್ಕ. ಅಷ್ಟು ಗೊತ್ತಿರಲಿ."

ತಮ್ಮನ ಹೆಂಡತಿ, ರೀ ಎಂದಳು. ಆದರೆ ಮಾತು ಬಾಯಿಂದ ಬಿದ್ದಾಗಿತ್ತು. ಅವನಿಗೂ ಅದು ಬಿದ್ದದ್ದು ಕೇಳಿಸಿತು. ತುಟಿ ಅಲುಗಿತು, ಹಿಂದಕ್ಕೆ ತೆಗೆದುಕೊಳ್ಳಲು ಬರಲಿಲ್ಲ. ಅಕ್ಕನ ಹಠ ಯಾವ ಮನೆಯದೋ ಅವನ ಹಠವೂ ಅದೇ ಮನೆಯದು.

"ಸರಿ," ಎಂದಳು ಅಕ್ಕ. ಸಿಟ್ಟಿರಲಿಲ್ಲ. ಅಡ್ಡಡ್ಡ ನಡೆದು ಕೋಣೆಗೆ ಹೋಗಿ, ಬಟ್ಟೆಯ ಚೀಲ ತಂದಳು. ಆಸ್ಪತ್ರೆಯ ಕೋಣೆಯಿಂದ ಬಂದಾಗ ಕಟ್ಟಿದ್ದ ಆ ಚೀಲವನ್ನು ಅವಳು ಇನ್ನೂ ಪೂರ್ತಿ ಬಿಚ್ಚಿರಲೇ ಇಲ್ಲ. ಸಮವಸ್ತ್ರ ಬಿಚ್ಚಲಿಲ್ಲ. ಸಾಮಾನನ್ನೆಲ್ಲ ಬಕೆಟ್ಟಿಗೆ ಮತ್ತೆ ಜೋಡಿಸಿ, ಮೊಳೆಯ ಕಾಗದ ಇದೆಯೇ ಎಂದು ಮುಟ್ಟಿ ನೋಡಿದಳು. ಹುಡುಗಿ ತನ್ನ ಹೊಸ ಮನೆಯ ಬೀಗದ ಕೈಯನ್ನು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ನಾಳೆ ನಾನು ಸಾಮಾನು ತಗೊಂಡು ಬರ್ತೀನಿ ಅತ್ತೆ. ಎರಡು ಮಂಚ ಹಿಡಿಸುತ್ತೆ. ಮನೆ ಹಿಡಿದಾವತ್ತೇ ಜೊತೆಗೆ ಬಾ ಅಂದಿದ್ದೆ, ನೀನೇ ಭಾರ ಆಗ್ತೀನಿ ಅಂದೆ."

"ಆವತ್ತು ಭಾರವಾಗಿದ್ದೆ," ಎಂದಳು ಅಕ್ಕ. "ನೀನು ಬರೋ ಹೊತ್ತಿಗೆ ನೆಲ ಒಣಗಿರುತ್ತೆ. ಚಪ್ಪಲಿ ಹೊರಗೆ ಬಿಟ್ಟು ಬಾ."

ತಮ್ಮ ಬಾಗಿಲವರೆಗೆ ಬಂದ. ಒಂದು ಮಾತು ಕರೆದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಇಪ್ಪತ್ತು ವರ್ಷ ಬಸ್ಸಿನ ಆ ತುದಿಗೆ ಕೇಳುವಂತೆ ಕೂಗಿದವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಅಕ್ಕ ಮೆಟ್ಟಿಲಿಳಿದಳು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಬಕೆಟ್, ಬಕೆಟ್ಟಿನಿಂದ ಪೊರಕೆ ತಲೆಯೆತ್ತಿ ನೋಡುತ್ತಿತ್ತು. ದರ್ಜಿಯ ಹೆಂಡತಿ ತನ್ನ ಬಾಗಿಲಲ್ಲಿ ನಿಂತು, ಎಲ್ಲಿಗೆ ಅಂಗೈ ಅಕ್ಕ ಎಂದು ಕೇಳಿದಳು. ಮನೆಗೆ ಎಂದಳು ಅಕ್ಕ.

ಬಸ್ಸಿನಲ್ಲಿ ಕಂಡಕ್ಟರು ಬಕೆಟ್ಟನ್ನು ಹಿಂದೆ ಇಡಿ ಎಂದ. ಅವಳು ತೊಡೆಯ ಮೇಲೇ ಇಟ್ಟುಕೊಂಡಳು. ತಮ್ಮನ ಮನೆಯ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.